ಸರ್ವರ್ ಓಡ್ತಿದೆ, ಫೋನಲ್ಲಿ ಯಾಕೆ ತೆರೀತಿಲ್ಲ?

ಇವತ್ತು ನಾನು ನಿದ್ದೆಗೆಟ್ಟ ಒಂದು ರಾತ್ರಿಯಿಂದ ಶುರು ಮಾಡ್ತೀನಿ. ಮರುದಿನ ಬೆಳಿಗ್ಗೆ ಹತ್ತಕ್ಕೆ ಕಾಲೇಜಿನಲ್ಲಿ ಪ್ರಾಜೆಕ್ಟ್ ಡೆಮೊ. ನಾವು ನಾಲ್ಕು ಜನ, ಒಂದು ಆಂಡ್ರಾಯ್ಡ್ ಆ್ಯಪ್. ಅದಕ್ಕೆ ಉತ್ತರ ಕೊಡೋ ಜಾವಾ ಸರ್ವರ್ ನನ್ನ ಉಬುಂಟು ಲ್ಯಾಪ್‌ಟಾಪಲ್ಲಿ. ಅಲ್ಲೇ ಬ್ರೌಸರಲ್ಲಿ ಲ್ಯಾಪ್‌ಟಾಪಿನ ಹೆಸರು ಕೊಟ್ರೆ ಪುಟ ತೆರೆಯುತ್ತೆ. ಅದೇ ವೈಫೈನಲ್ಲಿರೋ ಫೋನಿಂದ ಹೋದ್ರೆ "ಕನೆಕ್ಷನ್ ರಿಫ್ಯೂಸ್ಡ್".

ಎರಡು ಗಂಟೆ ಫೈರ್‌ವಾಲ್ ಹಿಂದೆ ಬಿದ್ದೆ. ತಪ್ಪು ದಾರಿ. ಉಬುಂಟುವಿನ ಫೈರ್‌ವಾಲ್ ತಡೆದಿದ್ರೆ ಸಾಮಾನ್ಯವಾಗಿ ಫೋನ್ ಕಾಯ್ತಾ ಕಾಯ್ತಾ ಕೊನೆಗೆ ಟೈಮ್‌ಔಟ್ ಆಗುತ್ತೆ. ತಕ್ಷಣ "ರಿಫ್ಯೂಸ್ಡ್" ಬಂದ್ರೆ, ಬಹುತೇಕ ಆ ವಿಳಾಸದಲ್ಲಿ ಕೇಳಿಸ್ಕೊಳ್ಳೋರೇ ಇಲ್ಲ ಅಂತ.

ಒಂದು ಕಂಪ್ಯೂಟರಿಗೆ ಹಲವು ಐಪಿ ವಿಳಾಸ ಇರುತ್ತೆ. ಯಾವ ವಿಳಾಸದ ಯಾವ ಪೋರ್ಟಲ್ಲಿ ಕೂತು ಕಾಯಬೇಕು ಅಂತ ಸರ್ವರ್ ಆರಿಸಿಕೊಳ್ಳೋದೇ ಬೈಂಡಿಂಗ್. 127ರಿಂದ ಶುರುವಾಗೋ ವಿಳಾಸಗಳು ಮನೆಯೊಳಗಿನ ಬಾಗಿಲು ಇದ್ದ ಹಾಗೆ. ಹೊರಗಿನವರಿಗೆ ಅಲ್ಲಿಗೆ ದಾರಿಯಿಲ್ಲ. 0.0.0.0 ಅಂದ್ರೆ ಎಲ್ಲ ಬಾಗಿಲಲ್ಲೂ ಕಾಯ್ತೀನಿ ಅಂತ.

ಟರ್ಮಿನಲಲ್ಲಿ ಎಸ್‌ಎಸ್, ಒಂದು ಸ್ಪೇಸ್, ಹೈಫನ್, ಎಲ್‌ಟಿಎನ್‌ಪಿ ಅಂತ ಟೈಪ್ ಮಾಡಿದೆ. 8080 ಪೋರ್ಟಿನ ಪಕ್ಕ 127.0.1.1 ಕಾಣಿಸ್ತು! ನನ್ನ ಕೋಡ್ ಜಾವಾಗೆ "ಈ ಮಷಿನ್ ವಿಳಾಸ ಏನು?" ಅಂತ ಕೇಳಿತ್ತು. ಡೆಬಿಯನ್, ಉಬುಂಟುಗಳ ಹೋಸ್ಟ್ಸ್ ಫೈಲಲ್ಲಿ ಮಷಿನ್ ಹೆಸರಿನ ಎದುರು ಸಾಮಾನ್ಯವಾಗಿ ಅದೇ ಇರುತ್ತೆ. ಕೋಡಲ್ಲಿ 0.0.0.0 ಹಾಕಿ ಸರ್ವರ್ ಮತ್ತೆ ಶುರು ಮಾಡಿದೆ. ಫೋನಲ್ಲಿ ತೆರೀತು. ಗಂಟೆ ಮೂರೂವರೆ.

ಸರ್ವರ್ ಶುರುನೇ ಆಗದಿದ್ರೆ ಎರರ್ ಓದಿ. "ಅಡ್ರೆಸ್ ಆಲ್ರೆಡಿ ಇನ್ ಯೂಸ್" ಅಂದ್ರೆ ಪೋರ್ಟನ್ನ ಬೇರೆ ಪ್ರೋಗ್ರಾಂ ಹಿಡಿದಿದೆ, ಹೆಚ್ಚಾಗಿ ನೀವೇ ನಿಲ್ಲಿಸೋಕೆ ಮರೆತ ಹಳೇ ಸರ್ವರ್. ಅದೇ ಕಮಾಂಡ್ ಅದರ ಪ್ರಾಸೆಸ್ ನಂಬರ್ ಕೊಡುತ್ತೆ. "ಕೆನಾಟ್ ಅಸೈನ್ ರಿಕ್ವೆಸ್ಟೆಡ್ ಅಡ್ರೆಸ್" ಅಂದ್ರೆ ನೀವು ಬರೆದ ಐಪಿ ಈ ಮಷಿನ್ನಿನದ್ದಲ್ಲ. ರೌಟರ್ ಹೊಸ ಐಪಿ ಕೊಟ್ಟಿರಬಹುದು. "ಪರ್ಮಿಷನ್ ಡಿನೈಡ್" ಬಂದ್ರೆ ಪೋರ್ಟ್ ನಂಬರ್ ನೋಡಿ: 1024ಕ್ಕಿಂತ ಕೆಳಗಿನವು ಸಾಮಾನ್ಯ ಯೂಸರಿಗೆ ಸಿಗಲ್ಲ. ಅದಕ್ಕೋಸ್ಕರ ರೂಟ್ ಆಗಿ ಓಡಿಸ್ಬೇಡಿ, 8080 ಸಾಕು.

ಕೊನೇ ಮಾತು. 0.0.0.0 ಹಾಕಿದ್ರೆ ಆ ವೈಫೈನಲ್ಲಿರೋ ಅಪರಿಚಿತರೂ ನಿಮ್ಮ ಸರ್ವರ್ ಬಾಗಿಲು ತಟ್ಟಬಹುದು. ಡೆಮೊ ಮುಗಿದ ಕೂಡ್ಲೆ ನಿಲ್ಲಿಸಿ. ಡೇಟಾಬೇಸ್ ಮಾತ್ರ 127.0.0.1ರಲ್ಲೇ, ಮನೆಯೊಳಗೇ ಇರಲಿ.