ಗಿರಣಿಗಳಲ್ಲಿ ಒತ್ತುಗಾಳಿಯ ಅಪವ್ಯಯವೂ ಅದರ ನಿವಾರಣೆಯೂ

ಗದ್ದೆಗೆ ನೀರು ಹಾಯಿಸುವ ಕಾಲುವೆಯ ಬದುವಿನಲ್ಲಿ ಏಡಿಯೊಂದು ಬಿಲ ತೋಡಿದರೆ ಜಮೀನುದಾರನು ಅರೆಗಳಿಗೆಯೂ ಸುಮ್ಮನಿರಲಾರನು. ಸೋರುವ ನೀರು ಕಣ್ಣಿಗೆ ಕಾಣುತ್ತದೆ; ಕೂಡಲೆ ಆಳನ್ನು ಕರೆದು ಹೆಂಟೆಯಿಟ್ಟು ಮೆಟ್ಟಿಸುತ್ತಾನೆ. ಆದರೆ ಅದೇ ಜಮೀನುದಾರನು ಪಾಲುಗಾರನಾಗಿರತಕ್ಕ ಅಕ್ಕಿಯ ಗಿರಣಿಯಲ್ಲಿ ಹಗಲಿರುಳೂ ಸೋರಿಹೋಗುವ ಗಾಳಿಯ ಕಡೆಗೆ ಆತನ ಲಕ್ಷ್ಯವು ಹೋಗುವುದು ಅಪರೂಪ. ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನೆಲವನ್ನು ಒದ್ದೆ ಮಾಡುವುದೂ ಇಲ್ಲ. “ಗಾಳಿಯಲ್ಲವೆ, ಹೋದರೆ ಹೋಗಲಿ” ಎಂಬ ಮಾತನ್ನು ಅನೇಕ ಗಿರಣಿಗಳಲ್ಲಿ ನಾನು ಕೇಳಿದ್ದೇನೆ. ಈ ಮಾತು ಎಷ್ಟು ದುಬಾರಿಯಾದದ್ದೆಂಬುದನ್ನು ಗ್ರಾಮದ ಮುಖಂಡರಿಗೂ ಭೂಮಾಲೀಕರಿಗೂ ತಿಳಿಸುವುದೇ ಈ ಲೇಖನದ ಉದ್ದೇಶ.

ಯಂತ್ರದ ವಿಷಯಕ್ಕೂ ವ್ಯವಸಾಯಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣವಾದ ಮೇಲೆ ಗಂಗಾವತಿ, ಕಾರಟಗಿ, ಸಿಂಧನೂರು ಮುಂತಾದ ಕಡೆಗಳಲ್ಲಿ ಭತ್ತದ ಬೆಳೆ ಹಬ್ಬಿತು; ಬೆಳೆಯ ಬೆನ್ನಿಗೆ ಗಿರಣಿಗಳೂ ಬಂದವು. ಇವುಗಳಲ್ಲಿ ಅನೇಕವು ರೈತರ ಬಂಡವಾಳದಿಂದಲೇ ಎದ್ದವು. ಗಿರಣಿಯ ಖರ್ಚು ಹೆಚ್ಚಿದರೆ ಅದರ ಭಾರವು ಭತ್ತವನ್ನು ತಂದ ರೈತನ ಮೇಲೆ ಬೀಳುವುದೇ ಹೊರತು ಮತ್ತೆಲ್ಲಿಗೂ ಹೋಗುವುದಿಲ್ಲ. ಆದುದರಿಂದ ಬೆಳೆದ ಫಸಲಿಗೆ ತಕ್ಕ ಬೆಲೆ ದೊರೆಯಬೇಕೆಂದು ಬಯಸುವವರು ಗಿರಣಿಯೊಳಗಿನ ನಷ್ಟವನ್ನೂ ವಿಚಾರಿಸತಕ್ಕದ್ದು.

ಒತ್ತುಗಾಳಿ ಎಂದರೇನು?

ಕಮ್ಮಾರನು ತಿದಿಯನ್ನೊತ್ತಿ ಗಾಳಿಯನ್ನು ಒಲೆಗೆ ನುಗ್ಗಿಸುವುದನ್ನು ಎಲ್ಲರೂ ಬಲ್ಲರು. ಕಂಪ್ರೆಸರ್ ಎಂಬ ಯಂತ್ರವು ಇದಕ್ಕಿಂತ ಬಹಳ ಬಲವಾಗಿ ಗಾಳಿಯನ್ನು ಅದುಮಿ ಕಬ್ಬಿಣದ ಟ್ಯಾಂಕಿನಲ್ಲಿ ತುಂಬುತ್ತದೆ. ಹೊರಗಿನ ಗಾಳಿಯ ಏಳೆಂಟು ಪಾಲು ಒಂದು ಪಾಲಿನ ಜಾಗಕ್ಕೆ ಅಡಕವಾಗುವುದರಿಂದ ಅದಕ್ಕೆ ತಳ್ಳುವ ಶಕ್ತಿ ಬರುತ್ತದೆ. ನಮ್ಮ ನಾಡಿಗೆ ಇದು ಹೊಸದಲ್ಲ. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ತಲುಪಿದ ಕೋಲಾರದ ಚಿನ್ನದ ಗಣಿಗಳಲ್ಲಿ, ಅವು ೨೦೦೧ರಲ್ಲಿ ಮುಚ್ಚುವವರೆಗೆ, ಬಂಡೆ ಕೊರೆಯುವ ಯಂತ್ರಗಳನ್ನು ಒತ್ತುಗಾಳಿಯಿಂದ ನಡೆಯಿಸುತ್ತಿದ್ದರು.

ಈಗಿನ ಅಕ್ಕಿ ಗಿರಣಿಗಳಲ್ಲಿ ಒತ್ತುಗಾಳಿಯ ಮುಖ್ಯ ಉಪಯೋಗವು ಬಣ್ಣ ನೋಡಿ ಅಕ್ಕಿಯನ್ನು ಬೇರ್ಪಡಿಸುವ ಯಂತ್ರದಲ್ಲಿ. ಗಿರಣಿಯವರು ಇದನ್ನು ಸಾರ್ಟೆಕ್ಸ್ ಎಂದೇ ಕರೆಯುತ್ತಾರೆ. ಕಾಳುಗಳು ಸಾಲಾಗಿ ಜಾರಿ ಬೀಳುವಾಗ ಕ್ಯಾಮೆರಾಗಳು ಪ್ರತಿಯೊಂದನ್ನೂ ಪರೀಕ್ಷಿಸುತ್ತವೆ. ಕಪ್ಪಾದ ಕಾಳೋ ಕಲ್ಲೋ ಕಂಡೊಡನೆ ಸಣ್ಣ ವಾಲ್ವೊಂದು ಕಣ್ಣು ಮಿಟುಕಿಸುವುದರೊಳಗೆ ತೆರೆದು ಮುಚ್ಚಿ, ಗಾಳಿಯ ಒಂದು ಹೊಡೆತದಿಂದ ಅದನ್ನು ಆಚೆಗೆ ತಳ್ಳುತ್ತದೆ. ಕಲಬುರಗಿಯ ತೊಗರಿಬೇಳೆಯ ಗಿರಣಿಗಳಲ್ಲಿಯೂ ಕಾಫಿಯನ್ನು ಹದಮಾಡುವ ಕಾರ್ಖಾನೆಗಳಲ್ಲಿಯೂ ಇಂಥ ಯಂತ್ರಗಳುಂಟು. ಗಾಳಿಯ ಒತ್ತಡವು ಸಾಲದೆ ಹೋದರೆ ಕೆಟ್ಟ ಕಾಳು ಒಳ್ಳೆಯ ಕಾಳಿನೊಡನೆ ಉಳಿಯುತ್ತದೆ; ಅಕ್ಕಿಯ ದರ್ಜೆ ಇಳಿಯುತ್ತದೆ.

ಇದು ಏಕೆ ದುಬಾರಿ?

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಗಮನಿಸಿರಬಹುದು. ಗಾಳಿಯನ್ನು ಅದುಮಲು ನಾವು ಹಾಕಿದ ಶ್ರಮದ ಬಹು ಭಾಗವು ಹೀಗೆ ಶಾಖವಾಗಿ ಹೋಗುತ್ತದೆ. ದೊಡ್ಡ ಕಂಪ್ರೆಸರಿನಲ್ಲಿಯೂ ಇದೇ ನಿಯಮ. ನಾವು ಕೊಡುವ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು ೧೦ರಿಂದ ೧೫ ಪಾಲು ಮಾತ್ರ ಕೊನೆಯ ಯಂತ್ರದಲ್ಲಿ ಕೆಲಸವಾಗಿ ಒದಗುತ್ತದೆ. ಹತ್ತು ಪಲ್ಲ ಭತ್ತವನ್ನು ಕೊಟ್ಟು ಒಂದೂವರೆ ಪಲ್ಲ ಅಕ್ಕಿಯನ್ನು ಪಡೆದಂತೆ ಇದು. ಇಷ್ಟು ಬೆಲೆ ತೆತ್ತು ಪಡೆದ ಗಾಳಿಯನ್ನು ದಾರಿಯಲ್ಲಿ ಸೋರಬಿಡುವುದು ವಿವೇಕವಲ್ಲ. ಸರಿಯಾದ ಆರೈಕೆಯಿಲ್ಲದ ಕಾರ್ಖಾನೆಗಳಲ್ಲಿ ಕಂಪ್ರೆಸರು ತಯಾರಿಸಿದ ಗಾಳಿಯ ನೂರಕ್ಕೆ ೨೦ರಿಂದ ೩೦ ಪಾಲು ಸೋರಿಕೆಯಿಂದಲೇ ಹೋಗುವುದುಂಟು. ಚೆನ್ನಾಗಿ ನೋಡಿಕೊಂಡ ಕಡೆಗಳಲ್ಲಿ ಇದನ್ನು ೧೦ ಪಾಲಿಗಿಂತ ಕೆಳಗೆ ಇಡಬಹುದು.

ಲೆಕ್ಕವನ್ನು ನೋಡೋಣ. ಟ್ಯಾಂಕಿನ ಒತ್ತಡವು ೭ ಕಿಲೋ ಇರುವಾಗ ೩ ಮಿಲಿಮೀಟರ್ ಅಡ್ಡಗಲದ ರಂಧ್ರ, ಎಂದರೆ ಒಂದು ಸಣ್ಣ ಜೋಳದ ಕಾಳು ತೂರುವಷ್ಟು ಕಿಂಡಿ, ಸುಮಾರು ೩ರಿಂದ ೪ ಕಿಲೋವ್ಯಾಟ್ ವಿದ್ಯುತ್ತನ್ನು ನುಂಗುತ್ತದೆ. ಕಡಿಮೆಯೆಂದು ೩ ಕಿಲೋವ್ಯಾಟನ್ನೇ ಹಿಡಿದು, ದಿನಕ್ಕೆ ೧೦ ಗಂಟೆಯಂತೆ ವರ್ಷದಲ್ಲಿ ೨೦೦ ದಿನ ಗಿರಣಿ ನಡೆಯಿತೆಂದು ಎಣಿಸಿದರೆ ೬,೦೦೦ ಯೂನಿಟ್ಟುಗಳಾಗುತ್ತವೆ. ಯೂನಿಟ್ಟಿಗೆ ೮ ರೂಪಾಯಿಯೆಂದು ಇಟ್ಟುಕೊಂಡರೂ ೪೮,೦೦೦ ರೂಪಾಯಿ. ಇದು ಒಂದೇ ರಂಧ್ರದ ತೆರಿಗೆ! ರಂಧ್ರದ ಅಗಲವು ಎರಡರಷ್ಟಾದರೆ ಸೋರುವ ಗಾಳಿ ನಾಲ್ಕರಷ್ಟಾಗುತ್ತದೆಂಬುದನ್ನೂ ಮರೆಯಕೂಡದು. ರಾಗಿಯ ಕಾಳಿನಷ್ಟಿದ್ದಾಗಲೇ ಮುಚ್ಚಿಸಿದರೆ ಜೋಳದ ಕಾಳಿನಷ್ಟಾಗುವ ಪ್ರಮೇಯವಿರುವುದಿಲ್ಲ.

ನಾನು ಕಂಡ ಒಂದು ಗಿರಣಿ

ಕೆಲವು ವರ್ಷಗಳ ಹಿಂದೆ ಭತ್ತದ ತಳಿಗಳ ವಿಷಯವಾಗಿ ಒಂದು ಗ್ರಾಮಕ್ಕೆ ಹೋಗಿದ್ದಾಗ ಅಲ್ಲಿನ ಗಿರಣಿಯ ಯಜಮಾನರು ತಮ್ಮ ಕಷ್ಟವನ್ನು ಹೇಳಿಕೊಂಡರು. ಸುಗ್ಗಿಯಲ್ಲಿ ಗಾಳಿ ಸಾಲದೆ ಸಾರ್ಟೆಕ್ಸ್ ಸರಿಯಾಗಿ ನಡೆಯುತ್ತಿರಲಿಲ್ಲ. ಎರಡನೆಯ ಕಂಪ್ರೆಸರನ್ನು ಕೊಳ್ಳಲು ಸಾಲಕ್ಕೆ ಅರ್ಜಿಯನ್ನೂ ಬರೆಯಿಸಿದ್ದರು. ಅದಕ್ಕೆ ಎರಡು ಎಕರೆ ಗದ್ದೆಯನ್ನು ಆಧಾರ ಮಾಡತಕ್ಕದ್ದೆಂದು ನಿಶ್ಚಯವಾಗಿತ್ತು. ಯಂತ್ರಶಾಸ್ತ್ರವು ನನ್ನ ವಿಷಯವಲ್ಲ. ಆದರೂ ಸಾಲ ಮಾಡುವ ಮುಂಚೆ ಒಂದು ಪರೀಕ್ಷೆಯನ್ನು ಮಾಡಿ ನೋಡಿರೆಂದು ಬೇಡಿಕೊಂಡೆನು.

ಅಂದು ಸಂಜೆ ಗಿರಣಿಯನ್ನು ನಿಲ್ಲಿಸಿ, ಗಾಳಿಯನ್ನು ಬಳಸುವ ಯಂತ್ರಗಳ ಕೆಲಸವನ್ನೆಲ್ಲ ನಿಲ್ಲಿಸಿ, ಕೊಳವೆಗಳ ವಾಲ್ವುಗಳನ್ನು ಮಾತ್ರ ತೆರೆದಿಟ್ಟು ಕಂಪ್ರೆಸರನ್ನು ಓಡಿಸಿದೆವು. ಗಾಳಿಯನ್ನು ಬಳಸುವವರು ಯಾರೂ ಇಲ್ಲದಿರುವಾಗ ಟ್ಯಾಂಕು ಒಮ್ಮೆ ತುಂಬಿದ ಮೇಲೆ ಯಂತ್ರವು ಬಹುಕಾಲ ವಿರಮಿಸಬೇಕಷ್ಟೆ? ಆದರೆ ಅದು ೨೪ ಸೆಕೆಂಡು ದುಡಿದು, ೩೬ ಸೆಕೆಂಡು ವಿರಮಿಸಿ, ಮತ್ತೆ ದುಡಿಯತೊಡಗಿತು. ಹೀಗೆ ಹಲವು ಸಲ ಅಳೆದೆವು. ಲೆಕ್ಕವು ಅದೇ ಆಯಿತು. ದುಡಿದ ಕಾಲವನ್ನು ದುಡಿದ ಮತ್ತು ವಿರಮಿಸಿದ ಒಟ್ಟು ಕಾಲದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸೋರಿಕೆಯ ಪ್ರಮಾಣ ಬರುತ್ತದೆ. ಇಲ್ಲಿ ೬೦ರಲ್ಲಿ ೨೪, ಎಂದರೆ ನೂರಕ್ಕೆ ೪೦. ಯಜಮಾನರು ಕೊಳ್ಳಬೇಕೆಂದಿದ್ದ ಗಾಳಿಯು ಅವರ ಗಿರಣಿಯಲ್ಲಿಯೇ ಇತ್ತು. ಆದರೆ ಗೋಡೆಗಳಿಗೆ ಊದಿಹೋಗುತ್ತಿತ್ತು.

ಮರುದಿನ ಸಾಬೂನಿನ ನೀರನ್ನು ಕುಂಚದಿಂದ ಕೊಳವೆಗಳ ಒಂದೊಂದು ಸಂದಿಗೂ ಬಳಿದರು. ನೊರೆಯ ಗುಳ್ಳೆಯೆದ್ದ ಕಡೆಗಳಿಗೆ ಸುಣ್ಣದ ಗುರುತು ಹಾಕಿದರು. ಬಿರಿದ ರಬ್ಬರ್ ಕೊಳವೆಗಳು, ಸಡಿಲವಾದ ಪಟ್ಟಿಗಳು, ಸವೆದ ವಾಲ್ವುಗಳು, ಹಿಂದೆಂದೋ ತೆಗೆದುಹಾಕಿದ ಯಂತ್ರವೊಂದಕ್ಕೆ ಇನ್ನೂ ಗಾಳಿ ಒಯ್ಯುತ್ತಿದ್ದ ಕವಲು, ಇವೆಲ್ಲವೂ ಸಿಕ್ಕಿದವು. ಅತ್ಯಂತ ದೊಡ್ಡ ಸೋರಿಕೆಯು ಟ್ಯಾಂಕಿನ ತಳದಲ್ಲಿಯೇ ಇತ್ತು. ಅಲ್ಲಿ ಕೂಡುವ ನೀರು ತಾನಾಗಿ ಹೋಗಲೆಂದು ಕೆಲಸದವನೊಬ್ಬನು ವಾಲ್ವನ್ನು ಸ್ವಲ್ಪ ತೆರೆದೇ ಇಟ್ಟಿದ್ದನು. ದುರಸ್ತಿಯೆಲ್ಲ ಮುಗಿದ ಮೇಲೆ ಯಂತ್ರವು ೧೬ ಸೆಕೆಂಡು ದುಡಿದು ೩ ನಿಮಿಷ ವಿರಮಿಸಿತು. ಸೋರಿಕೆ ನೂರಕ್ಕೆ ೮ಕ್ಕೆ ಇಳಿದಿತ್ತು. ಸಾಲದ ಅರ್ಜಿ ಹೋಗಲಿಲ್ಲ. ಗದ್ದೆಯು ಋಣವಿಲ್ಲದೆ ಉಳಿಯಿತು.

ಸೋರಿಕೆಯಲ್ಲದೆ ಇತರ ನಷ್ಟಗಳು

೧. ಅನಾವಶ್ಯಕವಾದ ಒತ್ತಡ. ದೂರದ ಯಂತ್ರಕ್ಕೆ ಗಾಳಿ ಸಾಲದೆಂದು ಒತ್ತಡವನ್ನು ಏರಿಸುವುದು ಸಾಮಾನ್ಯವಾದ ತಪ್ಪು. ಒಂದು ಕಿಲೋ ಒತ್ತಡವನ್ನು ಇಳಿಸಿದರೆ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು ೬ರಿಂದ ೭ ಪಾಲು ಉಳಿತಾಯವಾಗುತ್ತದೆ. ಉಳಿದ ರಂಧ್ರಗಳಿಂದ ಸೋರುವುದೂ ತಗ್ಗುತ್ತದೆ. ಯಂತ್ರದ ಕೈಪಿಡಿಯಲ್ಲಿ ಎಷ್ಟು ಒತ್ತಡ ಬೇಕೆಂದು ಹೇಳಿದೆಯೋ ಅದನ್ನು ನೋಡಿ, ಕೊಳವೆಯ ದಾರಿಯಲ್ಲಾಗುವ ಇಳಿತಕ್ಕೆ ತಕ್ಕಷ್ಟನ್ನು ಮಾತ್ರ ಸೇರಿಸಿಕೊಳ್ಳತಕ್ಕದ್ದು. ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ, ಅಕ್ಕಿಯ ಗುಣ ಕೆಡದಿರುವುದನ್ನು ನೋಡಿಕೊಳ್ಳುತ್ತ ಹೋಗುವುದು ಕ್ಷೇಮ.

೨. ಬಿಸಿಯಾದ ಗಾಳಿಯನ್ನು ಎಳೆಯುವುದು. ಕುಸುಬಲಕ್ಕಿಯ ಗಿರಣಿಗಳಲ್ಲಿ ಕಂಪ್ರೆಸರನ್ನು ಬಾಯ್ಲರಿನ ಪಕ್ಕದಲ್ಲಿ, ಹೊಟ್ಟು ಹಾರುವ ಕಡೆಯಲ್ಲಿ ಇಟ್ಟಿರುವುದನ್ನು ಕಂಡಿದ್ದೇನೆ. ಒಳಗೆ ಹೋಗುವ ಗಾಳಿಯು ೪ ಡಿಗ್ರಿ ಸೆಂಟಿಗ್ರೇಡಿನಷ್ಟು ಹೆಚ್ಚು ಬಿಸಿಯಾದರೆ ಅಷ್ಟೇ ಗಾಳಿಗೆ ನೂರಕ್ಕೆ ಒಂದು ಪಾಲು ಹೆಚ್ಚು ವಿದ್ಯುತ್ತು ತಗಲುತ್ತದೆ. ಹೊಟ್ಟಿನ ಧೂಳು ಗಾಳಿಯ ಸೋಸುಬಟ್ಟೆಯನ್ನು ಕಟ್ಟಿ ಯಂತ್ರಕ್ಕೆ ಉಸಿರಾಡದಂತೆ ಮಾಡುತ್ತದೆ. ನೆರಳಿನಲ್ಲಿ, ತಂಪಾದ ಶುದ್ಧವಾದ ಗಾಳಿ ಬರುವ ಕಡೆಗೆ ಎಳೆಯುವ ಕೊಳವೆಯನ್ನು ತಿರುಗಿಸತಕ್ಕದ್ದು.

೩. ಕೆಲಸವಿಲ್ಲದೆ ಓಡುವುದು. ಊಟದ ವೇಳೆಯಲ್ಲಿಯೂ ಲಾರಿ ಬರುವುದನ್ನು ಕಾಯುವಾಗಲೂ ಕಂಪ್ರೆಸರನ್ನು ಸುಮ್ಮನೆ ತಿರುಗಲು ಬಿಡುತ್ತಾರೆ. ಸ್ಕ್ರೂ ಜಾತಿಯ ಯಂತ್ರವು ಗಾಳಿ ತುಂಬದೆ ಬರಿದೆ ತಿರುಗಿದರೂ ಪೂರ್ಣ ಹೊರೆಯ ವಿದ್ಯುತ್ತಿನ ಸುಮಾರು ಕಾಲು ಪಾಲನ್ನಾದರೂ ತಿನ್ನುತ್ತದೆ.

೪. ಗಾಳಿಯಿಂದ ಕಸ ಗುಡಿಸುವುದು. ನೆಲವನ್ನೂ ಮೈಬಟ್ಟೆಯನ್ನೂ ಒತ್ತುಗಾಳಿಯಿಂದ ಊದಿ ಸ್ವಚ್ಛ ಮಾಡುವ ಅಭ್ಯಾಸವು ಎಲ್ಲೆಲ್ಲಿಯೂ ಇದೆ. ಇದು ಖರ್ಚಿನ ಮಾತು ಮಾತ್ರವಲ್ಲ, ಪ್ರಾಣಾಪಾಯದ ಮಾತು. ಒತ್ತುಗಾಳಿಯು ಕಣ್ಣನ್ನೂ ಕಿವಿಯನ್ನೂ ಹಾಳುಮಾಡಬಲ್ಲುದು. ಗಾಯದ ಮೂಲಕ ರಕ್ತದೊಳಕ್ಕೂ ಹೋಗಬಲ್ಲುದು. ಆಳುಗಳು ವಿನೋದಕ್ಕಾಗಿ ಒಬ್ಬರ ಮೇಲೊಬ್ಬರು ಗಾಳಿ ಬಿಡುವುದನ್ನು ಯಜಮಾನರು ಕಟ್ಟುನಿಟ್ಟಾಗಿ ನಿಷೇಧಿಸತಕ್ಕದ್ದು. ಹೊಟ್ಟಿನ ಧೂಳನ್ನು ಊದಿ ಎಬ್ಬಿಸಿದರೆ ಅದು ಎಲ್ಲರ ಶ್ವಾಸಕೋಶಕ್ಕೆ ಸೇರುತ್ತದೆ. ಪೊರಕೆಯೇ ಇಲ್ಲಿ ಉತ್ತಮ ಯಂತ್ರ.

ಕೊಳವೆ ಬಾವಿಗಳಲ್ಲಿ

ನೀರು ಕಡಿಮೆಯಿರುವ ಕೊಳವೆ ಬಾವಿಗಳಿಂದ ಒತ್ತುಗಾಳಿಯ ಮೂಲಕ ನೀರೆತ್ತುವ ಪದ್ಧತಿಯೂ ಉಂಟು. ಬಾವಿಯೊಳಗೆ ಇಳಿಬಿಟ್ಟ ಸಣ್ಣ ಕೊಳವೆಯಿಂದ ಗಾಳಿಯು ಹೋಗಿ ನೀರಿನೊಡನೆ ಬೆರೆತು, ಹಗುರವಾದ ಆ ಮಿಶ್ರಣವು ಮೇಲಕ್ಕೇರುತ್ತದೆ. ಬಾವಿಯೊಳಗೆ ಚಲಿಸುವ ಭಾಗಗಳಿಲ್ಲದಿರುವುದೂ ಮರಳಿನಿಂದ ಕೆಡದಿರುವುದೂ ಇದರ ಗುಣಗಳು. ಆದರೆ ಅಷ್ಟೇ ನೀರಿಗೆ ಸಬ್‌ಮರ್ಸಿಬಲ್ ಪಂಪಿಗಿಂತ ಹೆಚ್ಚು ವಿದ್ಯುತ್ತು ಬೇಕು. ಗಾಳಿಯ ಕೊಳವೆಯ ತುದಿ ನೀರಿನಲ್ಲಿ ಸಾಕಷ್ಟು ಆಳಕ್ಕೆ ಮುಳುಗಿರದಿದ್ದರೆ ಗಾಳಿ ಮಾತ್ರ ಬುಸುಗುಟ್ಟಿ ಹೊರಬರುತ್ತದೆ, ನೀರು ಬರುವುದಿಲ್ಲ. ನೀರು ನಿಂತ ಮೇಲೆಯೂ ಯಂತ್ರವನ್ನು ಓಡಿಸುತ್ತಿರುವುದು ವ್ಯರ್ಥ. ಬಾವಿಯು ಊರುವವರೆಗೆ ನಿಲ್ಲಿಸಿ ಮತ್ತೆ ನಡೆಯಿಸತಕ್ಕದ್ದು.

ಪಾಲಿಸತಕ್ಕ ಕ್ರಮ

ತಿಂಗಳಿಗೊಮ್ಮೆ, ಗಿರಣಿ ನಿಂತು ಸದ್ದಡಗಿದ ಹೊತ್ತಿನಲ್ಲಿ, ಯಜಮಾನರು ತಾವೇ ಕೊಳವೆಯ ದಾರಿಯುದ್ದಕ್ಕೂ ನಡೆದು ಕಿವಿಗೊಟ್ಟು ಕೇಳಬೇಕು. ಹಾವು ಬುಸುಗುಟ್ಟಿದಂಥ ಸದ್ದು ಎಲ್ಲಿ ಕೇಳುವುದೋ ಅಲ್ಲಿ ಹಣ ಸೋರುತ್ತಿದೆಯೆಂದು ತಿಳಿಯಬೇಕು. ಕಿವಿಗೆ ಕೇಳದ ಸಣ್ಣ ಸೋರಿಕೆಗಳನ್ನು ಸಾಬೂನಿನ ನೀರು ತೋರಿಸುತ್ತದೆ. ಸಂದಿಗಳನ್ನು ಬಿಚ್ಚುವುದಕ್ಕೆ ಮುಂಚೆ ಯಂತ್ರವನ್ನು ನಿಲ್ಲಿಸಿ, ಕೊಳವೆಯ ಒತ್ತಡವನ್ನೆಲ್ಲ ಹೊರಬಿಡತಕ್ಕದ್ದು. ಒತ್ತಡವಿರುವಾಗ ಬಿಚ್ಚುವುದು ಅಪಾಯಕರ. ಟ್ಯಾಂಕಿನ ನೀರನ್ನು ದಿನವೂ ತೆಗೆದು ವಾಲ್ವನ್ನು ಪೂರ್ತಿಯಾಗಿ ಮುಚ್ಚಬೇಕು. ನೀರು ನಿಂತರೆ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಟ್ಯಾಂಕು ಸಿಡಿಯುವುದುಂಟು. ಸುರಕ್ಷತೆಯ ವಾಲ್ವನ್ನು ಕಟ್ಟಿಹಾಕುವುದಾಗಲಿ ಬಿಗಿಸುವುದಾಗಲಿ ಎಂದಿಗೂ ಕೂಡದು. ದುಡಿದ ಸೆಕೆಂಡು, ವಿರಮಿಸಿದ ಸೆಕೆಂಡು, ಆ ದಿನದ ಒತ್ತಡ, ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಹಿಂದಿನ ತಿಂಗಳ ಅಂಕಿಯೊಡನೆ ಹೋಲಿಸಿದರೆ ರೋಗವು ಬಲಿಯುವುದಕ್ಕೆ ಮುಂಚೆಯೇ ಗೊತ್ತಾಗುತ್ತದೆ.

ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಬಂಡವಾಳ ಬೇಕಿಲ್ಲ. ಒಂದು ಗಡಿಯಾರ, ಒಂದು ಬಟ್ಟಲು ಸಾಬೂನಿನ ನೀರು, ಕೆಲವು ಹೊಸ ರಬ್ಬರ್ ಕೊಳವೆಗಳು, ಇವುಗಳಿಗೆ ಮಿಗಿಲಾಗಿ ಯಜಮಾನನ ಕಣ್ಣು, ಇಷ್ಟೇ ಸಾಕು. ಹೊಲಕ್ಕೆ ಒಡೆಯನ ಹೆಜ್ಜೆಯೇ ಗೊಬ್ಬರವೆನ್ನುತ್ತಾರೆ. ಗಿರಣಿಗೂ ಆ ಮಾತು ಸಲ್ಲುತ್ತದೆ. ಗ್ರಾಮದ ಪ್ರಮುಖರು ತಮ್ಮ ಊರಿನ ಗಿರಣಿಯಲ್ಲಿ ಈ ಪರೀಕ್ಷೆಯನ್ನು ಬರುವ ಸುಗ್ಗಿಗೆ ಮುಂಚೆ ಒಮ್ಮೆ ಮಾಡಿಸಿ ನೋಡಬೇಕೆಂದು ಪ್ರಾರ್ಥನೆ. ರೈತನು ವರ್ಷವೆಲ್ಲ ದುಡಿದು ತಂದ ಭತ್ತದ ಬೆಲೆಯಲ್ಲಿ ಒಂದು ಕಾಸಾದರೂ ಗಾಳಿಯಲ್ಲಿ ಹಾರಿಹೋಗದಂತೆ ನೋಡಿಕೊಳ್ಳುವುದು ಅವರ ಕೈಯಲ್ಲಿದೆ.