ತಾರಸ್ಥಾಯಿಯ ಸ್ನಾಯು

ಮಂದ್ರವು ಹೃದಯದಲ್ಲಿಯೂ ಮಧ್ಯವು ಕಂಠದಲ್ಲಿಯೂ ತಾರವು ಮೂರ್ಧದಲ್ಲಿಯೂ ನೆಲಸಿರುವುವೆಂದು ನಮ್ಮ ಸಂಗೀತಶಾಸ್ತ್ರಕಾರರು ವಿಭಾಗಿಸಿರುವರು. ಹಾಡುವವರ ಅನುಭವಕ್ಕೆ ಒಪ್ಪುವ ಮಾತೇ ಅದು. ಆದರೆ ಶರೀರಶಾಸ್ತ್ರದ ಪ್ರಕಾರ ಮೂರು ಸ್ಥಾಯಿಗಳೂ ಹುಟ್ಟುವುದು ಕೊರಳಿನೊಳಗಣ ಧ್ವನಿಪೆಟ್ಟಿಗೆಯಲ್ಲಿಯೇ. ಅಲ್ಲಿ ಸ್ವರವನ್ನೇರಿಸುವ ಮುಖ್ಯಭಾರವನ್ನು ಹೊತ್ತಿರುವುದು ಕ್ರೈಕೋಥೈರಾಯ್ಡ್ ಎಂಬ ಒಂದು ಜೊತೆ ಸಣ್ಣ ಸ್ನಾಯುಗಳು.

ಗಂಡಸರ ಕೊರಳಿನಲ್ಲಿ ಉಬ್ಬಿ ತೋರುವ ಗುರಾಣಿಯಾಕಾರದ ಮೃದ್ವಸ್ಥಿಗೆ ಥೈರಾಯ್ಡ್ ಎಂದೂ, ಅದರ ಕೆಳಗೆ ಮುದ್ರೆಯುಂಗುರದಂತಿರುವುದಕ್ಕೆ ಕ್ರೈಕಾಯ್ಡ್ ಎಂದೂ ಹೆಸರು. ಇವೆರಡರ ನಡುವೆ ಮುಂಗಡೆ ಒಂದು ಸಂದು ಉಂಟು. ಸ್ನಾಯುವು ಸಂಕೋಚಿಸಿದೊಡನೆ ಆ ಸಂದು ಕಿರಿದಾಗುವುದು. ಒಳಗೆ ಹಿಂದುಮುಂದಾಗಿ ಕಟ್ಟಿರುವ ಸ್ವರತಂತುಗಳು ನೀಳವಾಗಿ, ತೆಳುವಾಗಿ, ಬಿಗಿಯುವುವು. ತಂತಿ ಉದ್ದವಾದಷ್ಟೂ ಸ್ವರವು ಇಳಿಯಬೇಕಲ್ಲವೆ ಎಂದು ವೀಣೆಯನ್ನು ಬಲ್ಲ ವಾಚಕರು ಕೇಳಬಹುದು. ದಿಟ, ಆದರೆ ಬಿರಡೆಯನ್ನು ತಿರುಹಿ ಬಿಗಿದರೆ ಏರುವುದೂ ಅಷ್ಟೇ ದಿಟ. ಕೊರಳಿನಲ್ಲಿ ಬಿಗಿತದ ಪರಿಣಾಮವು ಉದ್ದದ ಪರಿಣಾಮವನ್ನು ಮೀರಿಸುವುದು.

ಧ್ವನಿಪೆಟ್ಟಿಗೆಯ ಉಳಿದ ಸ್ನಾಯುಗಳನ್ನು ಚಲಿಸುವ ನರವು ಬೇರೆ, ಇದರ ನರವು ಬೇರೆ. ಇದಕ್ಕೆ ಬರುವ ನೂಲಿನಂತಹ ಕವಲು ಥೈರಾಯ್ಡ್ ಗ್ರಂಥಿಯ ಮೇಲ್ತುದಿಯ ರಕ್ತನಾಳದ ಒತ್ತಿನಲ್ಲಿಯೇ ಇಳಿಯುವುದು. ಗಳಗಂಡದ ಶಸ್ತ್ರಕ್ರಿಯೆಯಲ್ಲಿ ಆ ನಾಳವನ್ನು ಕಟ್ಟಬೇಕಾಗುವುದರಿಂದ ನರಕ್ಕೆ ಅಪಾಯವು ತಪ್ಪಿದ್ದಲ್ಲ. ಆದುದರಿಂದಲೇ ನಿಪುಣರಾದ ಶಸ್ತ್ರವೈದ್ಯರು ನಾಳದ ಕವಲುಗಳನ್ನು ಗ್ರಂಥಿಗೆ ಅಂಟಿದಂತೆಯೇ ಒಂದೊಂದಾಗಿ ಕಟ್ಟುವರು. ಕೆಲವೆಡೆ ನರವನ್ನು ವಿದ್ಯುತ್ಪ್ರಚೋದನೆಯಿಂದ ಗುರುತಿಸಿಕೊಳ್ಳುವುದೂ ಉಂಟು.

ಇಟಲಿಯ ಪ್ರಸಿದ್ಧ ಗಾಯಕಿ ಅಮೆಲಿಟಾ ಗಲ್ಲಿ-ಕುರ್ಚಿ ಎಂಬಾಕೆಗೆ 1935ರಲ್ಲಿ ಷಿಕಾಗೋ ನಗರದಲ್ಲಿ ಗಳಗಂಡದ ಶಸ್ತ್ರಕ್ರಿಯೆಯಾಯಿತು. ಆಕೆಯ ಉಚ್ಚಸ್ವರಗಳು ಹೋದುದು ಈ ನರವು ಕೆಟ್ಟುದರಿಂದಲೇ ಎಂಬ ಮಾತು ಹರಡಿ, ವೈದ್ಯರಲ್ಲಿ ನರಕ್ಕೆ ಆಕೆಯ ಹೆಸರೇ ನಿಂತಿತು. ಆಕೆಯ ಕಂಠವು ಅದಕ್ಕೆ ಮೊದಲೇ ಕುಂದುತ್ತಿದ್ದಿತೆಂದು ಈಚಿನ ಶೋಧಕರು ಆಕ್ಷೇಪಿಸಿರುವರು. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲವೆಂದೇ ನಮ್ಮ ಅಭಿಪ್ರಾಯ. ಒಂದು ಕಥೆ ಚೆನ್ನಾಗಿರುವುದೆಂಬುದು ಅದಕ್ಕೆ ಪ್ರಮಾಣವಾಗದು.

ಈ ನರದ ಹಾನಿಯಲ್ಲಿ ಕಷ್ಟವೇನೆಂದರೆ, ದಿನದ ಮಾತುಕತೆ ಮೊದಲಿನಂತೆಯೇ ಇದ್ದೀತು. ಮೇಲಿನ ಸ್ವರಕ್ಕೆ ಹೋದಾಗ ಧ್ವನಿ ನಿಲ್ಲದು, ದೂರದವರನ್ನು ಕೂಗಲಾಗದು, ತುಸು ಹೊತ್ತಿನ ಓದಿಗೇ ಗಂಟಲು ಸೋಲುವುದು. ಮನೆಯವರಿಗೆ ಇದು ಬರಿಯ ನಿಶ್ಶಕ್ತಿಯಂತೆ ತೋರುವುದು. ವೇದಪಾಠಿಗಳು, ಹರಿಕಥೆಯ ದಾಸರು, ಹಿಂದಿನ ಬೆಂಚಿನವರೆಗೂ ದನಿ ಮುಟ್ಟಿಸಬೇಕಾದ ಉಪಾಧ್ಯಾಯರು ಇವರೆಲ್ಲ ತಮ್ಮ ವೃತ್ತಿಯೇನೆಂಬುದನ್ನು ಶಸ್ತ್ರಕ್ರಿಯೆಗೆ ಮುನ್ನವೇ ವೈದ್ಯರಿಗೆ ತಿಳಿಸುವುದು ಲೇಸು. ಬಳಿಕ ಸಂಶಯ ಬಂದರೆ ವೈದ್ಯರು ಮಂದ್ರದಿಂದ ತಾರದವರೆಗೆ ದನಿಯನ್ನು ಜಾರಿಸಿ ಏರಿಸಹೇಳಿ, ಸ್ವರತಂತುಗಳನ್ನು ನೋಡುವರು. ನರವು ಕಡಿಯದೆ ಬರಿದೆ ಎಳೆಯಲ್ಪಟ್ಟಿದ್ದರೆ ಕೆಲವು ತಿಂಗಳುಗಳಲ್ಲಿ ಸ್ವರವು ಮರಳುವುದುಂಟು. ಅಷ್ಟರಲ್ಲಿ ಧ್ವನಿಚಿಕಿತ್ಸಕರು ಹೇಳಿಕೊಡುವ ಅಭ್ಯಾಸಗಳು ನೆರವಾಗುವುವು.