ಹಾವಸೆಗೂ ಒಂದಿಷ್ಟು ನೀರು ಬಿಡಿ

ಮಳೆಗಾಲ ಬಂತೆಂದರೆ ಕೃಷ್ಣಾ ನದಿಯ ಕಲ್ಲೋಳ-ಯಡೂರ ಬ್ಯಾರೇಜು ಮುಳುಗಿದ ಸುದ್ದಿ ಪತ್ರಿಕೆಗಳಲ್ಲಿ ಕಾಣುತ್ತದೆ. ನೆರೆ ಇಳಿದ ಮೇಲಿನ ಕೃಷ್ಣೆ ಮಾತ್ರ ಯಾರಿಗೂ ಸುದ್ದಿಯಲ್ಲ. ದೀಪಾವಳಿ ಕಳೆದು ರಾಡಿ ತಳ ಸೇರಿದ ಮೇಲೆ, ಸೆಳವಿಲ್ಲದ ಕಡೆಯ ತಿಳಿನೀರು ಹಾವಸೆಗೆ, ಅಂದರೆ ನೀರೊಳಗೆ ಬೆಳೆಯುವ ಗಿಡಗಳಿಗೆ, ಹೇಳಿ ಮಾಡಿಸಿದ ಜಾಗ.

ಹಾವಸೆಯಲ್ಲೂ ಬಗೆಗಳಿವೆ. ಪಿಯುಸಿ ಲ್ಯಾಬಿನಲ್ಲಿ ಆಲಿಕೆ ಬೋರಲು ಹಾಕಿ ಆಮ್ಲಜನಕದ ಗುಳ್ಳೆ ತೋರಿಸುತ್ತಾರಲ್ಲ, ಅದು ಹೈಡ್ರಿಲ್ಲಾ. ಸೆರಟೋಫಿಲ್ಲಂಗೆ ಬೇರೇ ಇಲ್ಲ. ಇನ್ನು ರಿಬ್ಬನ್ನಿನಂಥ ಎಲೆಯ ವ್ಯಾಲಿಸ್ನೇರಿಯಾ. ಇದರ ಮದುವೆ ನೋಡಬೇಕು. ಹೆಣ್ಣು ಹೂವು ದಾರದಂಥ ತೊಟ್ಟಿನ ತುದಿಯಲ್ಲಿ ನೀರಿನ ಮಟ್ಟಕ್ಕೆ ಏರಿ ಬರುತ್ತದೆ. ಸಾಸಿವೆಗಿಂತ ಚಿಕ್ಕ ಗಂಡು ಹೂವುಗಳು ತಳದಲ್ಲೇ ಗಿಡದಿಂದ ಕಳಚಿಕೊಂಡು ಮೇಲೆ ಬಂದು ಅರಳಿ, ಗಾಳಿ ನೂಕಿದತ್ತ ತೇಲಿ ಹೆಣ್ಣಿಗೆ ತಾಗುತ್ತವೆ. ಆಮೇಲೆ ತೊಟ್ಟು ಸುರುಳಿ ಸುತ್ತಿಕೊಂಡು ಹೂವನ್ನು ಒಳಗೆಳೆಯುತ್ತದೆ. ಕಾಯಿ ಕಟ್ಟುವುದು ನೀರಡಿಯಲ್ಲಿ.

ಹಾವಸೆಯ ಎಲೆಗಳ ಸಂದಿಯೇ ಮರಿಮೀನುಗಳ ಅಡಗುತಾಣ. ಏರೋಪ್ಲೇನ್ ಚಿಟ್ಟೆಯ ತೆಳುಮೈಯ ಬಂಧುಗಳು ಕಾಂಡ ಸೀಳಿ ಮೊಟ್ಟೆಯಿಡುತ್ತವೆ. ಅವುಗಳ ಮರಿಗಳು ಸೊಳ್ಳೆಮರಿ ತಿಂದು ಬೆಳೆಯುತ್ತವೆ. ನಾಮಕೋಳಿ ಮುಳುಗಿ ಹಾವಸೆ ಕಿತ್ತು ತಂದು ತಿನ್ನುತ್ತದೆ.

ಕಬ್ಬಿನ ಗದ್ದೆಯ ಗೊಬ್ಬರ, ಊರಿನ ಚರಂಡಿ ನೀರು ಸೇರಿದಲ್ಲಿ ಮೇಲೆ ತೇಲುವ ಜಲಪರ್ಣಿ ಹಬ್ಬಿ ಬಿಸಿಲಿಗೆ ಅಡ್ಡವಾಗುತ್ತದೆ. ಕೆಳಗಿನ ಹಾವಸೆ ಸಾಯುತ್ತದೆ. ಜಲಪರ್ಣಿ ದಕ್ಷಿಣ ಅಮೆರಿಕದಿಂದ ಬಂದದ್ದು. ಲೆಕ್ಕ ಚುಕ್ತಾ ಆಗಿದೆ ಅನ್ನಿ: ನಮ್ಮ ಕಡೆಯ ಹೈಡ್ರಿಲ್ಲಾ 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಫ್ಲೋರಿಡಾ ಸೇರಿ, ಅಲ್ಲಿಯ ಕೆರೆಗಳಿಗೆ ದೊಡ್ಡ ಪೀಡೆಯಾಯಿತು.

ಪಂಪಿನ ಫುಟ್‌ವಾಲ್ವಿಗೆ ಹಾವಸೆ ಸಿಕ್ಕಿಕೊಂಡರೆ ರೈತ ಬೈಯುವುದು ನ್ಯಾಯವೇ. ಅದಕ್ಕೆಂದು ಪೂರ್ತಿ ಬಳಿದು ಹಾಕಬೇಕಿಲ್ಲ. ಪಂಪಿನಿಂದ ದೂರದ ಮೂಲೆಯಲ್ಲಿ ಬಿಟ್ಟರಾಯಿತು. ಹಾವಸೆಯನ್ನು ನಾವೇ ಬೆಳೆಸಲೂಬಹುದು: ಅಥಣಿ ಕಡೆಯ ಕೃಷಿ ಹೊಂಡಗಳಿಗೆ ನನ್ನ ಆಯ್ಕೆ ವ್ಯಾಲಿಸ್ನೇರಿಯಾ. ಹೈಡ್ರಿಲ್ಲಾ ತುಂಡು ತುಂಡಾದರೂ ಚಿಗುರಿ ಹೊಂಡವನ್ನೇ ತುಂಬಿಬಿಡುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಲ್ಲಿ ಬೇರೂರಲು ಮಣ್ಣಿರುವುದಿಲ್ಲ. ಅಗಲ ಬಾಯಿಯ ಕುಂಡಕ್ಕೆ ಕರಿಮಣ್ಣು ತುಂಬಿ, ಗಿಡ ನೆಟ್ಟು, ಮೇಲೆ ಸಣ್ಣ ಹರಳು ಹರಡಿ, ಬಿಸಿಲು ತಲುಪುವಷ್ಟೇ ಆಳಕ್ಕೆ ಇಳಿಸಿ. ಕುಂಡದಂಚು ಹಾಳೆಗೆ ತಾಗದಂತೆ ಕೆಳಗೊಂದು ಗೋಣಿಚೀಲ ಹಾಸಿ. ಹುಲ್ಲುಗೆಂಡೆ ಮೀನು ಬಿಟ್ಟಿದ್ದರೆ ಈ ಶ್ರಮವೇ ಬೇಡ, ಬುಡಸಹಿತ ಮೇಯುತ್ತದೆ. ಗಿಡವನ್ನು ಹತ್ತಿರದ ಹಳ್ಳ, ಹೊಳೆಯಿಂದಲೇ ತನ್ನಿ. ಅಕ್ವೇರಿಯಂ ಅಂಗಡಿಯ ಕಬೊಂಬಾ ಚೆಂದವಿದ್ದರೂ ಅಮೆರಿಕ ಖಂಡದ್ದು. ಅದು ಗಾಜಿನ ಪೆಟ್ಟಿಗೆಯಲ್ಲೇ ಇರಲಿ.